ಹೆಪ್ಪುಗಟ್ಟದ ರೇವುಗಳು

ಉತ್ತರಕ್ಕೆ ಹೋದಷ್ಟೂ ಚಳಿ ಹೆಚ್ಚೆಂಬುದು ಭೂಗೋಳದ ಮೊದಲ ಪಾಠ. ಆದರೆ ರಷ್ಯದ ಭೂಪಟವನ್ನು ಮುಂದಿಟ್ಟುಕೊಂಡು ಅಲ್ಲಿಯ ರೇವುಗಳನ್ನು ನೋಡುತ್ತ ಹೋದವನಿಗೆ ಆ ಪಾಠವೇ ತಲೆಕೆಳಗಾದಂತೆ ತೋರಿದರೆ ಆಶ್ಚರ್ಯವಿಲ್ಲ. ಫಿನ್ಲೆಂಡ್ ಕೊಲ್ಲಿಯ ಸೇಂಟ್ ಪೀಟರ್ಸ್‌ಬರ್ಗ್, ಶ್ವೇತಸಮುದ್ರದ ಆರ್ಖಾಂಗೆಲ್ಸ್ಕ್, ದಕ್ಷಿಣದಲ್ಲಿ 43ನೆಯ ಅಕ್ಷಾಂಶದಲ್ಲಿರುವ ವ್ಲಾಡಿವಾಸ್ಟಾಕ್ ಸಹ ಚಳಿಗಾಲದಲ್ಲಿ ಹಿಮದಿಂದ ಆವೃತವಾಗುತ್ತವೆ. ಇವೆಲ್ಲಕ್ಕಿಂತ ಉತ್ತರದಲ್ಲಿ, ಧ್ರುವವೃತ್ತದಿಂದಾಚೆಗೆ, 69ನೆಯ ಅಕ್ಷಾಂಶದ ಸಮೀಪದಲ್ಲಿರುವ ಮುರ್ಮಾನ್ಸ್ಕ್ ರೇವಿಗೆ ಮಾತ್ರ, ಸೂರ್ಯನು ವಾರಗಟ್ಟಲೆ ದಿಗಂತವನ್ನೇರದ ದೀರ್ಘರಾತ್ರಿಯಲ್ಲಿಯೂ ಹಡಗುಗಳು ಬಂದುಹೋಗುತ್ತಿರುತ್ತವೆ. ಕಡುಚಳಿಯ ದಿನಗಳಲ್ಲಿ ಅಲ್ಲಿಯ ಕೋಲಾ ಕೊಲ್ಲಿಯ ನೀರು, ಬೆಳಗಿನ ಬಚ್ಚಲ ಹಂಡೆಯಂತೆ ಹಬೆಯಾಡುವುದುಂಟು. ನೀರು ಬಿಸಿಯೆಂದಲ್ಲ, ಮೇಲಣ ಗಾಳಿ ಅದಕ್ಕಿಂತ ಅಷ್ಟು ತಣ್ಣಗೆ.

ಅಟ್ಲಾಂಟಿಕ್ ಸಾಗರವನ್ನು ಓರೆಯಾಗಿ ದಾಟಿ ಬರುವ ಗಲ್ಫ್ ಸ್ಟ್ರೀಮ್ ಎಂಬ ಉಷ್ಣಪ್ರವಾಹದ ಶಾಖೆಯೊಂದು ನಾರ್ವೆಯ ತೀರವನ್ನು ಸವರಿಕೊಂಡು, ಉತ್ತರದ ಭೂಶಿರವನ್ನು ಬಳಸಿ, ತನ್ನಲ್ಲಿ ಅಳಿದುಳಿದ ಶಾಖವನ್ನು ಬಾರೆಂಟ್ಸ್ ಸಮುದ್ರಕ್ಕೆ ಒಪ್ಪಿಸುತ್ತದೆ. ಉಪ್ಪಿನ ಪಾತ್ರವೂ ಕಡಿಮೆಯದಲ್ಲ. ಕಿಲೋಗ್ರಾಮಿಗೆ 35 ಗ್ರಾಮಿನಷ್ಟು ಲವಣವಿರುವ ಕಡಲನೀರು ಸೊನ್ನೆಗಿಂತ ಸುಮಾರು 1.9 ಡಿಗ್ರಿ ಕೆಳಗಿಳಿದಲ್ಲದೆ ಗಟ್ಟಿಯಾಗದು. ಮೇಲಾಗಿ, ಸಿಹಿನೀರು 4 ಡಿಗ್ರಿಗಿಂತ ತಣ್ಣಗಾದೊಡನೆ ಹಗುರವಾಗಿ ಮೇಲೆಯೇ ನಿಂತು ಬೇಗ ಹೆಪ್ಪುಗಟ್ಟಿದರೆ, ಉಪ್ಪುನೀರು ತಣ್ಣಗಾದಷ್ಟೂ ಭಾರವಾಗಿ ಕೆಳಗಿಳಿದು, ಬೆಚ್ಚನೆಯ ನೀರಿಗೆ ಎಡೆಗೊಡುತ್ತದೆ. ದ್ವಿನಾ ನದಿಯ ಸಿಹಿನೀರು ಬಂದು ಸೇರುವ ಆರ್ಖಾಂಗೆಲ್ಸ್ಕಿಗೆ ಈ ಭಾಗ್ಯವಿಲ್ಲ.

ಮುರ್ಮಾನ್ಸ್ಕಿನಂಥ ರೇವಿನ ಬೆಲೆ ತಿಳಿಯುವುದು ಯುದ್ಧಕಾಲದಲ್ಲಿ. ಮೊದಲ ಮಹಾಯುದ್ಧದಲ್ಲಿ ಬಾಲ್ಟಿಕ್ ದ್ವಾರವನ್ನು ಜರ್ಮನಿಯೂ ಕರಿಸಮುದ್ರದ ದ್ವಾರವನ್ನು ತುರ್ಕಿಯೂ ಮುಚ್ಚಲು, ಮಿತ್ರರಾಷ್ಟ್ರಗಳ ಮದ್ದುಗುಂಡುಗಳನ್ನು ಇಳಿಸಿಕೊಳ್ಳುವುದಕ್ಕೆ ರಷ್ಯವು ಜೌಗು, ಬಂಡೆಗಳ ಮೇಲೆ, ಯುದ್ಧಕೈದಿಗಳನ್ನೂ ದುಡಿಸಿಕೊಂಡು, ಅವಸರದಿಂದ ರೈಲುದಾರಿಯನ್ನೆಳೆದು, 1916ರಲ್ಲಿ ಈ ಪಟ್ಟಣವನ್ನು ಅರಸುಮನೆತನದ ಹೆಸರಿನಲ್ಲಿ ಸ್ಥಾಪಿಸಿತು. ಮರುವರ್ಷವೇ ಅರಸೊತ್ತಿಗೆ ಅಳಿದು, ಊರಿಗೆ ಈಗಿನ ಹೆಸರು ಬಂದಿತು. ಎರಡನೆಯ ಯುದ್ಧದಲ್ಲಿಯೂ ಮಿತ್ರರ ಹಲವು ನೌಕಾಸಮೂಹಗಳು ಹಿಟ್ಲರನ ಜಲಾಂತರ್ಗಾಮಿಗಳನ್ನು ಎದುರಿಸಿ ಬಂದು ಸೇರುತ್ತಿದ್ದುದು ಇಲ್ಲಿಗೆ.

ನಾರ್ವೆಯ ನಾರ್ವಿಕ್ ಕೂಡ ಇದೇ ಪ್ರವಾಹದ ಫಲಾನುಭವಿ. ಸ್ವೀಡನ್ನಿನ ಕಿರುನಾ ಗಣಿಯ ಕಬ್ಬಿಣದ ಅದಿರಿಗೆ ಸ್ವದೇಶದಲ್ಲಿಯೇ ಲೂಲಿಯೋ ಎಂಬ ರೇವಿದ್ದರೂ, ಉಪ್ಪು ವಿರಳವಾದ ಬಾತ್ನಿಯಾ ಕೊಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟುವುದರಿಂದ, ಬೆಟ್ಟಗಳನ್ನು ದಾಟಿ ನೆರೆರಾಜ್ಯದ ಕಡಲಿಗೆ 1902ರಲ್ಲಿ ರೈಲು ಹಾಯಿಸಬೇಕಾಯಿತು. ಆ ಅದಿರನ್ನೇ ನೆಚ್ಚಿಕೊಂಡಿದ್ದ ಜರ್ಮನಿ 1940ರ ಏಪ್ರಿಲ್‌ನಲ್ಲಿ ನಾರ್ವಿಕ್ಕಿನ ಮೇಲೆ ಬಿದ್ದುದು ಅನಿರೀಕ್ಷಿತವೆನ್ನಲಾಗದು.

ರೇವು ತೆರೆದಿದ್ದ ಮಾತ್ರಕ್ಕೆ ಹಾದಿಯೆಲ್ಲ ತೆರೆದಿರಬೇಕೆಂದಿಲ್ಲ. ಮುರ್ಮಾನ್ಸ್ಕಿನಿಂದ ಪೂರ್ವಕ್ಕೆ, ಸೈಬೀರಿಯದ ತೀರದುದ್ದಕ್ಕೂ ಹೋಗುವ ಜಲಮಾರ್ಗವನ್ನು ಹಿಮವು ವರ್ಷದ ಬಹುಕಾಲ ಮುಚ್ಚಿರುತ್ತದೆ. ಅದನ್ನು ಸೀಳುವ ರಷ್ಯದ ಅಣುಶಕ್ತಿಚಾಲಿತ ಹಡಗುಗಳ ನೆಲೆಯೂ ಈ ಹೆಪ್ಪುಗಟ್ಟದ ರೇವೇ. ಅವುಗಳಲ್ಲಿ ಮೊದಲನೆಯದಾದ, 1959ರಿಂದ 1989ರವರೆಗೆ ದುಡಿದ ‘ಲೆನಿನ್’, ಈಗ ಅಲ್ಲಿಯೇ ವಸ್ತುಸಂಗ್ರಹಾಲಯವಾಗಿದೆ.