ಯಾದಗಿರಿಯ ದುಡಿಮೆ, ಕರ್ನಾಟಕದ ಸರಾಸರಿ

ರಾಜ್ಯದ ಸರಾಸರಿ ಅಂಕಿ ಅದರ ಎಲ್ಲ ಜಿಲ್ಲೆಗಳ ಸ್ಥಿತಿಯನ್ನು ಹೇಳುವುದಿಲ್ಲ. ಕರ್ನಾಟಕವನ್ನೂ ಅದರ ಈಶಾನ್ಯದ ಯಾದಗಿರಿ ಜಿಲ್ಲೆಯನ್ನೂ ಹೋಲಿಸಿದರೆ ಈ ಮಾತು ಮನದಟ್ಟಾಗುತ್ತದೆ.

ರಾಜ್ಯದ ವರಮಾನದ ಸುಮಾರು ಮೂರನೇ ಎರಡು ಭಾಗ ಸೇವಾ ವಲಯದ್ದು. ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಆದರೆ 2011ರ ಜನಗಣತಿಯಂತೆ ರಾಜ್ಯದ ದುಡಿಯುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ರೈತರು ಇಲ್ಲವೆ ಕೃಷಿ ಕೂಲಿಗಳು. ಯಾದಗಿರಿಯಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಅದೇ ಗಣತಿಯಲ್ಲಿ ಸಾಕ್ಷರತೆ ರಾಜ್ಯದಲ್ಲಿ ಶೇ. 75.4 ಇದ್ದರೆ ಯಾದಗಿರಿಯಲ್ಲಿ ಶೇ. 51.8, ರಾಜ್ಯದಲ್ಲಿಯೇ ಕನಿಷ್ಠ.

ನಾರಾಯಣಪುರ ಜಲಾಶಯದ ಕಾಲುವೆ ತಲುಪಿದ ಸುರಪುರ, ಶಹಾಪುರದ ಹೊಲಗಳಲ್ಲಿ ಭತ್ತವಿದೆ. ಮಳೆಯನ್ನೇ ನಂಬಿದ ಊರುಗಳಲ್ಲಿ ತೊಗರಿ, ಹತ್ತಿಯ ಸುಗ್ಗಿ ಮುಗಿದರೆ ಕೂಲಿಯಿಲ್ಲ. ಆಗ ಕುಟುಂಬಗಳು ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತವೆ. ಅವರು ಕಟ್ಟಿದ ಕಟ್ಟಡದ ಮೌಲ್ಯ ನಗರದ ಲೆಕ್ಕಕ್ಕೆ ಸೇರುತ್ತದೆ. ಊರು ಸೇರುವುದು ಉಳಿಸಿದ ಕೂಲಿ ಮಾತ್ರ. ಜೊತೆಗೆ ಹೋದ ಮಕ್ಕಳ ಓದು ನಡುವೆಯೇ ನಿಂತು, ಅವರೂ ಮುಂದೆ ಕೂಲಿಯನ್ನೇ ಹಿಡಿಯುತ್ತಾರೆ.

2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಸಂವಿಧಾನದ 371(ಜೆ) ವಿಧಿಯಂತೆ ಈ ಭಾಗದವರಿಗೆ ಶಿಕ್ಷಣ, ಸರ್ಕಾರಿ ಉದ್ಯೋಗಗಳಲ್ಲಿ ಮೀಸಲಾತಿ ದೊರೆತಿದೆ. ಆದರೆ ಅದು ದಕ್ಕುವುದು ಶಾಲೆಯಲ್ಲಿ ಉಳಿದು ಓದಿದವರಿಗೆ. ಆದುದರಿಂದ ಗುಳೆ ಹೋಗುವವರ ಮಕ್ಕಳಿಗೆ ಊರಿನಲ್ಲಿ ವಸತಿ, ಹೋದ ನಗರದಲ್ಲಿ ಕನ್ನಡದ ಪಾಠ, ಇವೆರಡೂ ಅಗತ್ಯ. ಎರಡನೆಯದರಲ್ಲಿ ಹೊರನಾಡ ಕನ್ನಡಿಗರಾದ ನಾವೂ ನೆರವಾಗಬಹುದು.