ಕಿಕ್ಕೂ ಅದೇ, ಗೇರೂ ಅದೇ

ರ್‍ಯಾಲಿಗೆಂದೇ ಹುಟ್ಟಿ, 1974ರಿಂದ 1976ರವರೆಗೆ ವಿಶ್ವ ಪ್ರಶಸ್ತಿ ಗೆದ್ದ ಇಟಲಿಯ ಕಾರು ಲ್ಯಾನ್ಸಿಯಾ ಸ್ಟ್ರಾಟೋಸ್. ಅದನ್ನು ನಾನು ನೋಡಿರುವುದು ಮೊಬೈಲಿನಲ್ಲಷ್ಟೇ. ನಮ್ಮ ಕೆಜಿಎಫ್ ಬೀದಿಗಳಲ್ಲಿ ಆ ಗತ್ತಿನ ಗಾಡಿ ಎಂದರೆ ಯೆಜ್ಡಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದರೂ ಇದರ ಮೂಲ ಜೆಕೊಸ್ಲೊವಾಕಿಯಾ. ಕಾಡು, ಕೆಸರು, ಕಲ್ಲುಹಾದಿಯಲ್ಲಿ ಆರು ದಿನ ನಡೆಯುವ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ಆ ದೇಶದ ತಂಡ 1970ರಿಂದ 1974ರವರೆಗೆ ಸತತ ಐದು ಸಲ ಗೆದ್ದಿತ್ತು. ಅಲ್ಲಿ ವೇಗವೊಂದೇ ಸಾಲದು, ಗಾಡಿ ಕೆಟ್ಟು ನಿಲ್ಲಬಾರದು.

ಅಪ್ಪನದು 250 ಸಿಸಿ ರೋಡ್‌ಕಿಂಗ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು! ಟೂ ಸ್ಟ್ರೋಕ್ ಆದ್ದರಿಂದ ವಾಲ್ವ್‌ಗಳಿಲ್ಲ. ಮೇಲೆ ಕೆಳಗೆ ಓಡುವ ಪಿಸ್ಟನ್ನೇ ಗಾಳಿ, ಹೊಗೆಯ ದಾರಿಗಳನ್ನು ತೆರೆದು ಮುಚ್ಚುತ್ತದೆ. ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್. ಅದನ್ನು ಒತ್ತಿದರೆ ಕ್ಲಚ್ಚೂ ತಾನಾಗಿ ಬಿಡುತ್ತದೆ. ಬಿಡಿಭಾಗ ಕಡಿಮೆ, ಕೆಡುವುದೂ ಕಡಿಮೆ.

ಕಾರ್ಖಾನೆ 1996ರಲ್ಲಿ ನಿಂತಿತು, ಚಿನ್ನದ ಗಣಿ 2001ರಲ್ಲಿ. ಗಣಿ ಕೆಲಸ ಹೋದಾಗ ಅಮ್ಮನ ಬಳೆ ಮಾರಿದ ಅಪ್ಪ ಗಾಡಿ ಮಾರಲಿಲ್ಲ. (ಅಮ್ಮ ಇದನ್ನು ಇನ್ನೂ ಮರೆತಿಲ್ಲ.) ಈಗ ಗುಜರಿಗೆ ಹಾಕೋಣ ಎನ್ನುತ್ತಿದ್ದಾರೆ. ರಾಬರ್ಟ್‌ಸನ್‌ಪೇಟೆಯ ನಮ್ಮ ಮೆಕ್ಯಾನಿಕ್ ತಾತನಿಗೆ ಕಣ್ಣು ಮಂಜಾಗಿದೆ, ಅವರ ಮಗ ಬೆಂಗಳೂರು ಸೇರಿದ್ದಾನೆ. 2022ರಲ್ಲಿ ಯೆಜ್ಡಿ ಹೆಸರು ಮರಳಿ ಬಂತು ನಿಜ, ಆದರೆ ಅದು ಫೋರ್ ಸ್ಟ್ರೋಕ್, ಸದ್ದೇ ಬೇರೆ.

ವಾರವೆಲ್ಲ ಬಂಗಾರಪೇಟೆಯಿಂದ ರೈಲು ಹತ್ತುವ ನಾನು ಭಾನುವಾರ ತಾತನ ಶೆಡ್ಡಿನಲ್ಲಿರುತ್ತೇನೆ. ಪಾಯಿಂಟ್ ಸೆಟ್ ಮಾಡುವುದು ಕಲಿತಾಯಿತು. ‘ಮುಂದಿನ ವಾರ ಕ್ಲಚ್ ನೀನೇ ಬಿಚ್ಚು, ನಾನು ನೋಡ್ತೀನಿ’ ಎಂದಿದ್ದಾರೆ. ಅಲ್ಲಿಯವರೆಗೆ ಗುಜರಿಯವನನ್ನು ಕರೆಯಬೇಡ ಎಂದು ಅಪ್ಪನಿಗೆ ಹೇಳಿದ್ದೇನೆ.