ಹಸುಗೂಸಿನ ಹಾಲಿನ ಪುಡಿಯೂ ‘ಇ’ ಜೀವಸತ್ತ್ವವೂ

ಅಕ್ಕನ ಮಗು ಹೋದ ವರ್ಷ ಎಂಟನೆಯ ತಿಂಗಳಿಗೇ ಹುಟ್ಟಿತು. ಎದೆಹಾಲು ಸಾಲದೆ, ವೈದ್ಯರು ಕೆಲವು ವಾರಗಳ ಮಟ್ಟಿಗೆ ಡಬ್ಬಿಯ ಹಾಲಿನ ಪುಡಿಯನ್ನೂ ಬರೆದುಕೊಟ್ಟರು. ರಜೆಯಲ್ಲಿ ಊರಿಗೆ ಹೋಗಿದ್ದ ನನ್ನ ಕೈಗೆ ಅಕ್ಕ ಆ ಡಬ್ಬಿಯನ್ನಿತ್ತು, “ಕಾಲೇಜು ಓದ್ತೀಯಲ್ಲೋ, ಈ ‘ಇ’ ವಿಟಮಿನ್ ಯಾತಕ್ಕೆ ಹೇಳು” ಎಂದಳು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಉತ್ತರ ತೋಚಲಿಲ್ಲ. ಅತ್ತ ಅಜ್ಜಿ, ಪುಡಿ ಬಲು ದುಬಾರಿ, ಅರ್ಧಕ್ಕರ್ಧ ಹಸುವಿನ ಹಾಲು ಬೆರೆಸಿದರಾಯಿತು ಎನ್ನುತ್ತಿದ್ದರು. ಆಮೇಲೆ ಓದಿ ತಿಳಿದುದನ್ನು ವಾಚಕಮಿತ್ರರ ಮುಂದಿಡುತ್ತೇನೆ.

1922ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಎವಾನ್ಸ್ ಮತ್ತು ಬಿಷಪ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಈ ಸತ್ತ್ವದ ಸುಳಿವು ದೊರೆಯಿತು. ಇದಿಲ್ಲದ ಆಹಾರ ತಿಂದ ಇಲಿಗಳು ಗರ್ಭ ಧರಿಸಿದರೂ ಮರಿಗಳು ಉಳಿಯುತ್ತಿರಲಿಲ್ಲ. 1936ರಲ್ಲಿ ಗೋಧಿಯ ಮೊಳಕೆಯ ಎಣ್ಣೆಯಿಂದ ಇದನ್ನು ಬೇರ್ಪಡಿಸಿ ‘ಟೊಕೊಫೆರಾಲ್’ ಎಂದು ಹೆಸರಿಟ್ಟರು.

ಇದರ ಕೆಲಸವೇನು? ಹಳೆಯ ಎಣ್ಣೆ ಗಾಳಿಯ ಆಮ್ಲಜನಕ ತಾಗಿ ಕಮಟುವುದನ್ನು ನಾವೆಲ್ಲ ಬಲ್ಲೆವು. ಕೆಂಪು ರಕ್ತಕಣದ ಪೊರೆಯಲ್ಲಿಯೂ ಕೊಬ್ಬಿನಂಶವುಂಟು. ಅದೂ ಹಾಗೆಯೇ ಕೆಟ್ಟರೆ ಕಣ ಒಡೆಯುತ್ತದೆ. ‘ಇ’ ಸತ್ತ್ವ ಅದಕ್ಕೆ ಕಾವಲು. ತಾಯಿಯ ಗರ್ಭದಲ್ಲಿ ಮಗುವಿಗೆ ಇದು ದೊರೆಯುವುದು ಸ್ವಲ್ಪವೇ. ದಿನ ತುಂಬದೆ ಹುಟ್ಟಿದ ಕೂಸಿನಲ್ಲಂತೂ ಸಂಗ್ರಹ ಇನ್ನೂ ಕಡಮೆ. ಹೆರಿಗೆಯಾದೊಡನೆ ಬರುವ ಮೊದಲ ಹಾಲಿನಲ್ಲಿ ಇದು ಸಮೃದ್ಧವಾಗಿದೆ. ಹಸುವಿನ ಹಾಲಿನಲ್ಲಿ ತಾಯಿಯ ಹಾಲಿಗಿಂತ ಕಡಮೆ.

1967ರಲ್ಲಿ ಅಮೆರಿಕದ ಓಸ್ಕಿ ಮತ್ತು ಬಾರ್ನೆಸ್ ಎಂಬ ವೈದ್ಯರು, ದಿನ ತುಂಬದ ಶಿಶುಗಳಲ್ಲಿ ರಕ್ತಕಣಗಳು ಒಡೆದು ರಕ್ತಹೀನತೆ ಬರಲು ‘ಇ’ ಸತ್ತ್ವದ ಕೊರತೆಯೂ ಒಂದು ಕಾರಣವೆಂದು ತೋರಿಸಿದರು. ಬೇಗ ಕಮಟುವ ಜಾತಿಯ ಸಸ್ಯದೆಣ್ಣೆ ಹೆಚ್ಚಾಗಿದ್ದ ಪುಡಿ, ಅದರೊಡನೆ ಕಬ್ಬಿಣ, ಇವೆರಡೂ ಸೇರಿದಾಗ ಕೇಡು ಹೆಚ್ಚೆಂದು ಮುಂದಿನ ಸಂಶೋಧನೆಗಳಿಂದ ತಿಳಿಯಿತು. ರಕ್ತ ವೃದ್ಧಿಸಲೆಂದು ಕೊಟ್ಟ ಕಬ್ಬಿಣವೇ, ಕಾವಲಿಲ್ಲದೆಡೆ, ರಕ್ತಕ್ಕೆ ಶತ್ರುವಾಯಿತು!

ಆದುದರಿಂದ ‘ಇ’ ಸತ್ತ್ವ ಇಷ್ಟಿದ್ದರೆ ಸಾಕೆಂದು ಒಂಟಿಯಾಗಿ ಹೇಳಲಾಗದು. ಅದು ಎಣ್ಣೆಗೆ ತಕ್ಕಂತಿರಬೇಕು. ಅಂತೆಯೇ ‘ಕೋಡೆಕ್ಸ್’ ಎಂಬ ಅಂತರರಾಷ್ಟ್ರೀಯ ಆಹಾರ ನಿಯಮಾವಳಿಯು, ಶಿಶುವಿನ ಪುಡಿಯಲ್ಲಿ ಅಂಥ ಕೊಬ್ಬಿನ ಪ್ರತಿ ಗ್ರಾಮಿಗೆ ಕನಿಷ್ಠ 0.5 ಮಿಲಿಗ್ರಾಮ್ ‘ಇ’ ಸತ್ತ್ವವಿರಬೇಕೆಂದು ವಿಧಿಸಿದೆ.

ಎದೆಹಾಲಿಗೆ ಸಾಟಿಯಿಲ್ಲ. ಅದು ಸಾಲದೆ ವೈದ್ಯರು ಪುಡಿ ಬರೆದಾಗ, ಲೆಕ್ಕ ಹಾಕಿ ಕೂಡಿಸಿದ ಆ ಹದವನ್ನು ನಾವು ಕೈಯಾರೆ ಕೆಡಿಸಬಾರದು. ಇದನ್ನು ಅಜ್ಜಿಗೆ ವಿವರಿಸಿದೆ. “ಹಾಗಾದ್ರೆ ಬೆರೆಸೋದು ಬೇಡ ಬಿಡಪ್ಪ, ಕಾಸು ಹೋದ್ರೆ ಹೋಗಲಿ” ಎಂದರು. ನಾನು ಕಾಲೇಜು ಸೇರಿದ್ದು ಸಾರ್ಥಕವೆನಿಸಿತು.